ಹೊಂಗೆ ಚಿಗುರುವ ದಿನಗಳು

ಶಿವರಾತ್ರಿ ಆದರೆ ಚಳಿ ಶಿವ ಶಿವಾ ಅಂತ ಹೊರಟುಹೋಗುತ್ತದೆ ಅನ್ನುತ್ತಾರೆ. ಬೆಂಗಳೂರಿನ ಮಟ್ಟಿಗೆ ಈ ಮಾತು ಬಹುತೇಕ ನಿಜ. ಹಬ್ಬ ಮುಗಿದ ವಾರಕ್ಕೇ ಸ್ವೆಟರ್ ಬೀರು ಸೇರುತ್ತದೆ, ಮಧ್ಯಾಹ್ನ ಫ್ಯಾನ್ ತಿರುಗಲು ಶುರುವಾಗುತ್ತದೆ. ಅಲ್ಲಿಂದ ಚೈತ್ರ ಹುಣ್ಣಿಮೆಯ ಕರಗದ ತನಕ ಸಿಗುವ ಆರೇಳು ವಾರ ಇದೆಯಲ್ಲ, ಈ ಊರಿನಲ್ಲಿ ಬದುಕುವುದಕ್ಕೆ ಅದಕ್ಕಿಂತ ಒಳ್ಳೆಯ ಕಾಲ ನನಗೆ ಗೊತ್ತಿಲ್ಲ. ಪಂಚಾಂಗದ ಪ್ರಕಾರ ವಸಂತ ಶುರುವಾಗುವುದು ಯುಗಾದಿಗೆ. ಮರಗಳು ಅಷ್ಟು ದಿನ ಕಾಯುವುದಿಲ್ಲ.

ಈಗೀಗ ಬೆಂಗಳೂರಿನ ವಸಂತ ಅಂದರೆ ಎಲ್ಲರ ಫೋನಿನಲ್ಲೂ ಗುಲಾಬಿ ಬಣ್ಣ. ಟಬೆಬುಯಾ ಅರಳಿದ ರಸ್ತೆಗಳಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆದುಕೊಳ್ಳುವವರ ಸಾಲು. ಗುಲಾಬಿಯ ಹಿಂದೆಯೇ ಹಳದಿ, ಅದರ ಹಿಂದೆ ನೇರಳೆ ಜಕರಂಡಾ. ನೋಡಲಿ, ಸಂತೋಷವೇ. ಎಲೆಯೇ ಇಲ್ಲದ ಕೊಂಬೆಯ ತುಂಬ ಬರೀ ಹೂ ಕಂಡರೆ ಯಾರಿಗೆ ತಾನೇ ಖುಷಿಯಾಗುವುದಿಲ್ಲ? ಆದರೆ ಹೂವಿನ ಹಿಂದೆ ಓಡುವವರು ಚಿಗುರನ್ನು ನೋಡದೇ ಹೋಗುತ್ತಾರಲ್ಲ ಅನ್ನುವುದು ನನ್ನ ಸಂಕಟ. ನನ್ನ ಪ್ರಕಾರ ಈ ಊರಿನ ವಸಂತ ಇರುವುದು ಚಿಗುರಿನಲ್ಲಿ. ಅದನ್ನು ನೋಡಲು ಎಲ್ಲಿಗೂ ಹೋಗಬೇಕಾಗಿಲ್ಲ. ನಿಮ್ಮ ಬೀದಿಯಲ್ಲೇ ಒಂದು ಹೊಂಗೆ ಮರ ಇರುತ್ತದೆ.

ಹೊಂಗೆ ಮರದ ಈ ಕೆಲವು ವಾರಗಳ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮೊದಲು ಎಲೆ ಕಳೆಗುಂದುತ್ತದೆ. ವರ್ಷವಿಡೀ ಧೂಳು ಕುಡಿದ ಕಡು ಹಸಿರು ಎಲೆ ಹಳದಿಯಾಗಿ, ಅಲ್ಲಲ್ಲಿ ಕಂದು ಕಲೆ ಬಿದ್ದು, ಗಾಳಿ ಇರಲಿ ಇಲ್ಲದಿರಲಿ ಉದುರುತ್ತಲೇ ಇರುತ್ತದೆ. ಬೆಳಿಗ್ಗೆ ಗುಡಿಸಿದ ಅಂಗಳ ಹತ್ತು ಗಂಟೆಗೆ ಮತ್ತೆ ತುಂಬಿರುತ್ತದೆ. ಮರ ಬೋಳಾಗಿ ನಿಲ್ಲುವುದು ಕೆಲವೇ ದಿನ. ಆಮೇಲೆ ಒಂದು ಬೆಳಿಗ್ಗೆ ಕೊಂಬೆಯ ತುದಿಯಲ್ಲಿ ತಿಳಿ ಹಸಿರಿನ ಚುಕ್ಕಿ ಕಾಣುತ್ತದೆ. ಎರಡು ದಿನ ಬಿಟ್ಟು ನೋಡಿದರೆ ಚುಕ್ಕಿಗಳೆಲ್ಲ ಎಲೆಗಳಾಗಿರುತ್ತವೆ. ಎಂಥಾ ಎಲೆ ಅಂತೀರಿ! ಬೆರಳಲ್ಲಿ ಹಿಡಿದರೆ ಬಾಡಿಹೋಗುತ್ತದೇನೋ ಅನ್ನುವಷ್ಟು ಮೆತ್ತಗೆ, ತೆಳ್ಳಗೆ. ಮಳೆ ಬಂದಿಲ್ಲ, ಯಾರೂ ನೀರು ಹಾಕಿಲ್ಲ, ಆದರೂ ಥಳ ಥಳ ಹೊಳೆಯುತ್ತಿರುತ್ತದೆ. ಬೆಳಿಗ್ಗೆ ಏಳು ಗಂಟೆಯ ಓರೆ ಬಿಸಿಲು ಆ ಎಲೆಗಳ ಮೂಲಕ ಹಾದು ಬರುವಾಗ ಕೆಳಗಿನ ರಸ್ತೆ, ನಿಂತಿರುವ ಸ್ಕೂಟರು, ಹಾಲಿನ ಕ್ರೇಟು, ಎಲ್ಲದರ ಮೇಲೂ ಹಸಿರು ಬೆಳಕು. ಹತ್ತು ನಿಮಿಷ ಅಷ್ಟೇ ಅದು. ಬಿಸಿಲು ಮೇಲೇರಿದರೆ ಮುಗಿಯಿತು.

ಮಾರ್ಚ್ ಅಂದರೆ ನೆಲ ಒಣಗಿ ಬಿರುಕು ಬಿಡುವ ಸಮಯ. ಆಗಲೇ ಮರಕ್ಕೆ ಹೊಸ ಎಲೆ ಬಿಡುವ ಧೈರ್ಯ ಎಲ್ಲಿಂದ ಬರುತ್ತದೆ? ಹೊಂಗೆಯಂಥ ಮರಗಳ ಬೇರು ಆಳಕ್ಕೆ ಇಳಿದಿರುತ್ತದೆ. ಮೇಲಿನ ಮಣ್ಣು ಒಣಗಿದರೂ ಕೆಳಗಿನ ತೇವ ಅವಕ್ಕೆ ಸಿಗುತ್ತದೆ. ಹಳೆಯ ಎಲೆ ಉದುರಿಸಿದ್ದರಿಂದ ನೀರಿನ ಖರ್ಚೂ ಕಡಿಮೆಯಾಗಿರುತ್ತದೆ. ಇನ್ನೊಂದು ಲಾಭವೂ ಇದೆ. ಎಲೆ ತಿನ್ನುವ ಹುಳುಗಳು ಹೆಚ್ಚುವುದು ಮಳೆ ಬಿದ್ದ ಮೇಲೆ. ಅವು ಬರುವಷ್ಟರಲ್ಲಿ ಚಿಗುರು ಬಲಿತು ಗಟ್ಟಿಯಾಗಿರುತ್ತದೆ. ಅರಳಿ ಮರದ್ದು ಇನ್ನೊಂದು ಉಪಾಯ. ಅದರ ಚಿಗುರು ಮೊದಲು ತಾಮ್ರದ ಬಣ್ಣದಲ್ಲಿ ಬರುತ್ತದೆ. ಎಳೆ ಎಲೆಯಲ್ಲಿರುವ ಕೆಂಪು ಬಣ್ಣದ ಅಂಶ ಅದನ್ನು ಸುಡು ಬಿಸಿಲಿನಿಂದ ಕಾಯುತ್ತದೆ. ಎಲೆ ಬಲಿತ ಮೇಲೆಯೇ ಪೂರ್ತಿ ಹಸಿರು. ಅರಳಿ ಕಟ್ಟೆ ಇರುವ ದೇವಸ್ಥಾನಕ್ಕೆ ಈ ದಿನಗಳಲ್ಲಿ ಹೋದರೆ ಪ್ರದಕ್ಷಿಣೆ ಹಾಕುವಾಗ ಒಂದು ಸಲ ತಲೆ ಎತ್ತಿ ನೋಡಿ.

ನಮ್ಮ ಬೀದಿ ಗುಡಿಸುವ ಅಕ್ಕ ಒಬ್ಬರಿದ್ದಾರೆ. ಎಲೆ ಉದುರುವ ಕಾಲದಲ್ಲಿ ಅವರಿಗೆ ಕೆಲಸ ಎರಡರಷ್ಟು. ಒಂದು ದಿನ "ಏನಕ್ಕಾ, ಇವತ್ತೂ ಜಾಸ್ತಿ ಇದೆಯಾ?" ಅಂತ ಕೇಳಿದೆ.

"ಈ ಮರ ಒಂದು ತಿಂಗಳು ಜೀವ ತಿಂತದೆ ಮೇಡಂ" ಅಂದರು. ಆಮೇಲೆ ಪೊರಕೆ ನಿಲ್ಲಿಸಿ, "ಮಿಕ್ಕಿದ್ ದಿನ ಇದರ ಕೆಳಗೇ ಕೂತ್ಕೊಂಡು ಬುತ್ತಿ ಬಿಚ್ತೀವಲ್ಲ, ಬೈಯೋಕೆ ಬಾಯಿ ಬರಲ್ಲ" ಅಂದರು.

ಅವರು ಗುಡ್ಡೆ ಮಾಡಿದ ಎಲೆಯನ್ನು ನಾನು ಚೀಲದಲ್ಲಿ ತುಂಬಿಸಿಕೊಂಡು ತಾರಸಿಗೆ ಒಯ್ಯುತ್ತೇನೆ. ತೂತು ಮಾಡಿದ ಡ್ರಮ್ಮಿಗೆ ಎಲೆ, ಸ್ವಲ್ಪ ಹುಳಿ ಮಜ್ಜಿಗೆ, ಆಗಾಗ ನೀರು. ಮಳೆಗಾಲ ಮುಗಿಯುವ ಹೊತ್ತಿಗೆ ಕಪ್ಪಗೆ, ಮಣ್ಣಿನ ವಾಸನೆಯ ಗೊಬ್ಬರ ಸಿಗುತ್ತದೆ. ಹಿಂದಿನಿಂದಲೂ ರೈತರು ಹೊಂಗೆ ಸೊಪ್ಪನ್ನು ಗದ್ದೆಗೆ ತುಳಿಯುತ್ತಿದ್ದರು, ಬೀಜದ ಎಣ್ಣೆಯಲ್ಲಿ ದೀಪ ಹಚ್ಚುತ್ತಿದ್ದರು, ಹಿಂಡಿಯನ್ನು ಗೊಬ್ಬರ ಮಾಡುತ್ತಿದ್ದರು. ಇಂಥ ಮರದ ಎಲೆಗೆ ಬೀದಿ ಮೂಲೆಯಲ್ಲಿ ಬೆಂಕಿ ಇಡುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ದಯವಿಟ್ಟು ಸುಡಬೇಡಿ.

ಈ ಊರಿನ ಮರಗಳು ಸುಮ್ನೆ ತಮ್ಮ ಪಾಡಿಗೆ ಹುಟ್ಟಿದ್ದಲ್ಲ. 1908ರಲ್ಲಿ ಲಾಲ್‌ಬಾಗ್‌ಗೆ ಬಂದ ಜರ್ಮನಿಯ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಈ ಊರಿನ ರಸ್ತೆಗಳಿಗೆ ಮರ ಆರಿಸುವಾಗ ಒಂದು ಮುಗಿದ ಮೇಲೆ ಇನ್ನೊಂದು ಹೂ ಬಿಡುವ ಹಾಗೆ ಯೋಚನೆ ಮಾಡಿದರು ಅನ್ನುತ್ತಾರೆ. ವರ್ಷದ ಯಾವ ತಿಂಗಳಲ್ಲೂ ಊರಿನ ಯಾವುದೋ ಮೂಲೆಯಲ್ಲಿ ಬಣ್ಣ ಇರಬೇಕು ಅನ್ನುವ ಲೆಕ್ಕ. 1956ರಲ್ಲಿ ಅವರು ತೀರಿಕೊಂಡಿದ್ದೂ ಬೆಂಗಳೂರಿನಲ್ಲೇ. ಲಾಲ್‌ಬಾಗ್ ಪಕ್ಕದ ಒಂದು ರಸ್ತೆಗೆ ಅವರ ಹೆಸರಿದೆ. ಆಮೇಲೆ 1980ರ ದಶಕದಲ್ಲಿ ಅರಣ್ಯ ಇಲಾಖೆಯ ಎಸ್.ಜಿ. ನೇಗಿನಹಾಳ ಅವರು ಊರಿನ ತುಂಬ ಗಿಡ ನೆಡಿಸಿದರು. ಒಟ್ಟು 15 ಲಕ್ಷದಷ್ಟು. ನಾವು ಇವತ್ತು ಬಡಾವಣೆಗಳಲ್ಲಿ ನೆರಳು ಅಂತ ಅನುಭವಿಸುವುದರಲ್ಲಿ ದೊಡ್ಡ ಪಾಲು ಆ ಕೆಲಸದ್ದು. 2021ರಲ್ಲಿ ಅವರು ಹೋದಾಗ ಅವರ ಹೆಸರು ಕೇಳದವರೂ ಅವರ ನೆರಳಿನಲ್ಲೇ ನಡೆದಾಡುತ್ತಿದ್ದರು.

ಟಬೆಬುಯಾ, ಜಕರಂಡಾ, ಮಳೆ ಮರ ಇವೆಲ್ಲ ಅಮೆರಿಕ ಖಂಡಗಳ ಕಡೆಯಿಂದ ಬಂದವು, ಗುಲ್‌ಮೊಹರ್ ಮಡಗಾಸ್ಕರ್‌ನದು, ಹೊರಗಿನ ಮರ ನಮಗೆ ಬೇಡ ಅನ್ನುವ ವಾದ ಆಗಾಗ ಕೇಳಿಬರುತ್ತದೆ. ನೂರು ವರ್ಷದಿಂದ ನೆರಳು ಕೊಡುತ್ತಿರುವ ಮರವನ್ನು ಹೊರಗಿನದು ಅಂತ ಕಡಿಯುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಹೊಸದಾಗಿ ನೆಡುವಾಗ ಮಹಾಗನಿಗಿಂತ ಮೊದಲು ಹೊಂಗೆ, ಬೇವು, ನೇರಳೆ, ಕಕ್ಕೆ, ಹೊಳೆ ದಾಸವಾಳ ನೆನಪಾಗಲಿ. ನಮ್ಮ ಹಕ್ಕಿ, ಜೇನು, ಚಿಟ್ಟೆಗಳಿಗೆ ಇವುಗಳ ಪರಿಚಯ ಹಳೆಯದು.

ಈಗ ಓದಿನ ವಿಷಯಕ್ಕೆ ಬರುತ್ತೇನೆ. ಈ ವಾರಗಳಲ್ಲಿ ನಾನು ದಪ್ಪ ಕಾದಂಬರಿಗೆ ಕೈ ಹಾಕುವುದಿಲ್ಲ. ಒಂದು ಪುಟ ಓದಿ ತಲೆ ಎತ್ತಿದರೆ ಎದುರಿಗೆ ಅದರ ಮುಂದುವರಿಕೆ ಕಾಣಬೇಕು, ಅಂಥ ಪುಸ್ತಕ ಬೇಕು. ಪ್ರತಿ ವಸಂತಕ್ಕೂ ಕಪಾಟಿನಿಂದ ಇಳಿಯುವುದು ಬಿ.ಜಿ.ಎಲ್. ಸ್ವಾಮಿ ಅವರ 'ಹಸುರು ಹೊನ್ನು'. ಸ್ವಾಮಿ ಅವರು ಡಿ.ವಿ.ಜಿ. ಅವರ ಮಗ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಅನುಭವ ಈ ಪುಸ್ತಕ. ಒಂದು ಗಿಡ ಸಿಕ್ಕಿತು ಅಂದರೆ ಅದರ ಎಲೆ, ಹೂವಿನ ರಚನೆಯ ಜೊತೆಗೆ ಹಳೆಯ ಕಾವ್ಯದಲ್ಲಿ ಅದು ಎಲ್ಲಿ ಬರುತ್ತದೆ, ಹಳ್ಳಿಯವರು ಅದನ್ನು ಏನಂತ ಕರೆಯುತ್ತಾರೆ, ಜೊತೆಗಿದ್ದ ಹುಡುಗರು ಏನು ತರಲೆ ಮಾಡಿದರು, ಎಲ್ಲವೂ ಒಂದೇ ಉಸಿರಿನಲ್ಲಿ ಬರುತ್ತದೆ. ಚಿತ್ರಗಳೂ ಅವರದೇ ಕೈಯವು. 1978ರಲ್ಲಿ ಇದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದಕ್ಕೂ ಮೊದಲು 1967ರಲ್ಲಿ ಅಪ್ಪನಿಗೂ ಅದೇ ಪ್ರಶಸ್ತಿ ಬಂದಿತ್ತು. ಬಸವನಗುಡಿಯ ಕಡೆ ಓಡಾಡುವಾಗ ಈ ಅಪ್ಪ ಮಗನ ನೆನಪು ತಾನಾಗಿ ಬರುತ್ತದೆ.

ಈ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಸಮನೆ ಓದಬೇಡಿ. ಒಂದು ದಿನಕ್ಕೆ ಒಂದು ಗಿಡ. ಓದಿದ ಮೇಲೆ ಹೊರಗೆ ಹೋಗಿ ಯಾವುದಾದರೂ ಹೂವನ್ನು ಅದೇ ಕಣ್ಣಿನಿಂದ ನೋಡಿ. ಉದುರಿದ ಹೊಂಗೆ ಹೂವನ್ನೇ ಎತ್ತಿಕೊಳ್ಳಿ. ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದು. ಬಿಳಿಗೆ ತೆಳು ನೇರಳೆ ಬಣ್ಣ ಬೆರೆತಿರುತ್ತದೆ, ತೊಟ್ಟಿನ ಬಳಿ ಕಂದು ಬಣ್ಣದ ಬಟ್ಟಲು. ಒಂದು ದಳ ದೊಡ್ಡದಾಗಿ ಹಿಂದೆ ನಿಂತಿದೆ, ಎರಡು ಅಕ್ಕಪಕ್ಕ, ಇನ್ನೆರಡು ಒಂದಕ್ಕೊಂದು ಅಂಟಿಕೊಂಡು ದೋಣಿಯಂತೆ ಮುಂದೆ ಚಾಚಿವೆ. ಅವರೆ ಹೂವನ್ನು ನೋಡಿದ್ದೀರಲ್ಲ, ಅದೇ ರಚನೆ. ಹೊಂಗೆಯೂ ಅವರೆಯೂ ಒಂದೇ ಕುಟುಂಬ. ದಿನಾ ತುಳಿದುಕೊಂಡು ಹೋಗುವ ಹೂವಿನೊಳಗೆ ಇಷ್ಟೆಲ್ಲ ಇದೆ ಅಂತ ತೋರಿಸಿಕೊಟ್ಟಿದ್ದು ಆ ಮೇಷ್ಟ್ರೇ.

ಎರಡನೆಯದು ಪಂಪ. ಹೆದರಬೇಡಿ, ಇಡೀ 'ವಿಕ್ರಮಾರ್ಜುನ ವಿಜಯ' ಓದಿ ಅನ್ನುತ್ತಿಲ್ಲ. ಬನವಾಸಿಯ ಮೇಲಿನ ಆ ಕೆಲವು ಪದ್ಯಗಳು ಸಾಕು. ಗದ್ಯಾನುವಾದ ಇರುವ ಪ್ರತಿ ಹಿಡಿದುಕೊಂಡರೆ ಅರ್ಥಕ್ಕೆ ಒದ್ದಾಡಬೇಕಾಗಿಲ್ಲ. ಪಂಪ ಇದನ್ನು ಬರೆದು ಮುಗಿಸಿದ್ದು ಸುಮಾರು 941ರಲ್ಲಿ, ಅರಿಕೇಸರಿಯ ಆಸ್ಥಾನದಲ್ಲಿ. ಆ ರಾಜರ ಊರು ವೇಮುಲವಾಡ, ಈಗಿನ ತೆಲಂಗಾಣದಲ್ಲಿದೆ. ಅಷ್ಟು ದೂರದಲ್ಲಿ ಕೂತು ಅವನಿಗೆ ಬನವಾಸಿ ನೆನಪಾಗುತ್ತದೆ. ಯಾವಾಗ? ತೆಂಕಣ ಗಾಳಿ ಸೋಕಿದಾಗ, ಬಿರಿದ ಮಲ್ಲಿಗೆ ಕಂಡಾಗ, ಇಂಪಾದ ಹಾಡು ಕಿವಿಗೆ ಬಿದ್ದಾಗ, ವಸಂತದ ಹಬ್ಬ ನಡೆಯುವಾಗ. ಇನ್ನೊಂದು ಜನ್ಮ ಇದ್ದರೆ ಅಲ್ಲಿನ ತೋಟದಲ್ಲಿ ಮರಿದುಂಬಿಯಾಗಿಯೋ ಕೋಗಿಲೆಯಾಗಿಯೋ ಹುಟ್ಟಬೇಕು ಅಂತಾನೆ. ಸಾವಿರ ವರ್ಷದ ಹಿಂದಿನ ಮಾತು. ಮಾರ್ಚ್ ತಿಂಗಳ ಸಂಜೆ ಬಾಲ್ಕನಿಯಲ್ಲಿ ಕೂತು ಇದನ್ನು ಜೋರಾಗಿ ಓದುವಾಗ ದಕ್ಷಿಣದ ಗಾಳಿ ಸುಳಿದರೆ ನನಗೆ ಗಂಟಲು ಕಟ್ಟುತ್ತದೆ. ಊರು ಬಿಟ್ಟು ಬಂದವರು ಯಾರು ಬೇಕಾದರೂ ಓದಿ ನೋಡಿ, ಇದು ನಿಮಗಾಗಿಯೇ ಬರೆದದ್ದು ಅನ್ನಿಸುತ್ತದೆ.

ಹೊರಗೆ ಕೂತು ಓದಲು ನನ್ನ ಆಯ್ಕೆ ಕಬ್ಬನ್ ಪಾರ್ಕ್. 1870ರ ಸುಮಾರಿಗೆ ಶುರುವಾದ ಪಾರ್ಕಿನ ನಡುವೆ ಶೇಷಾದ್ರಿ ಅಯ್ಯರ್ ಸ್ಮಾರಕದ ಕೆಂಪು ಕಟ್ಟಡದಲ್ಲಿ ಕೇಂದ್ರ ಗ್ರಂಥಾಲಯ ಇದೆ. ಬಿಸಿಲು ಏರುವ ತನಕ ಹುಲ್ಲಿನ ಮೇಲೆ, ಏರಿದ ಮೇಲೆ ಒಳಗೆ. 2023ರ ಆರಂಭದಿಂದ ಶನಿವಾರಗಳಲ್ಲಿ ಇಲ್ಲಿ ಒಂದಷ್ಟು ಜನ ಸೇರಿ ಸದ್ದಿಲ್ಲದೆ ಓದುತ್ತಿದ್ದಾರೆ. 'ಕಬ್ಬನ್ ರೀಡ್ಸ್' ಅಂತ ಹೆಸರು. ಪರಿಚಯ ಮಾಡಿಕೊಳ್ಳುವ ಬಲವಂತ ಇಲ್ಲ, ಭಾಷಣ ಇಲ್ಲ. ಚಾಪೆ ಹಾಸಿ, ಪುಸ್ತಕ ತೆಗೆದು ಓದುವುದು ಅಷ್ಟೇ. ಇದು ಬೇರೆ ಎಷ್ಟೋ ಊರುಗಳಿಗೆ ಹಬ್ಬಿದೆ. ಅಲ್ಲಿ ಕನ್ನಡ ಪುಸ್ತಕ ಹಿಡಿದವರು ಇನ್ನೂ ಹೆಚ್ಚಬೇಕು ಅನ್ನುವುದು ನನ್ನ ಆಸೆ. ಈ ಕಾಲದಲ್ಲಿ ಹೋದರೆ ಓದಿನ ಜೊತೆ ಕುಟ್ರು ಹಕ್ಕಿಯ ಕೂಗು ಉಚಿತ. ಒಂದು ಕುಟ್ರೂ ಕುಟ್ರೂ ಅನ್ನುತ್ತದೆ. ಅದರ ಚಿಕ್ಕ ಬಂಧು ಎಲ್ಲೋ ತುದಿ ಕೊಂಬೆಯಲ್ಲಿ ಕೂತು ಟುಕ್ ಟುಕ್ ಟುಕ್ ಅಂತ ನಿಲ್ಲಿಸದೇ ಬಡಿಯುತ್ತದೆ. ಕೋಗಿಲೆಯನ್ನು ಎಲ್ಲರೂ ಹೊಗಳುತ್ತಾರೆ, ನನ್ನ ಮೆಚ್ಚಿನ ವಸಂತದ ಹಕ್ಕಿ ಮಾತ್ರ ಕುಟ್ರು.

ಸುತ್ತಾಟಕ್ಕೆ ಮೊದಲ ಜಾಗ ಲಾಲ್‌ಬಾಗ್‌ನ ಬಂಡೆ. ಗಾಜಿನ ಮನೆಯ ಕಡೆಗೆ ಎಲ್ಲರೂ ಹೋಗುತ್ತಾರೆ, ನೀವು ಕೆಂಪೇಗೌಡ ಗೋಪುರ ಇರುವ ಬಂಡೆ ಹತ್ತಿ. ಸುಮಾರು 300 ಕೋಟಿ ವರ್ಷ ಹಳೆಯ ಶಿಲೆ ಅದು. ಮೇಲೆ ನಿಂತರೆ ಮರಗಳ ನೆತ್ತಿ ಕಣ್ಣಿಗೆ ಸಿಗುತ್ತದೆ. ಕೆಳಗೆ ನಡೆದಾಡುವಾಗ ಎಲ್ಲವೂ ಹಸಿರು ಅಂತ ಕಂಡದ್ದು ಮೇಲಿನಿಂದ ಬೇರೆ ಬೇರೆಯಾಗುತ್ತದೆ. ತಾಮ್ರದ ಬಣ್ಣ ಅರಳಿಯದು, ಗಿಳಿ ಹಸಿರು ಹೊಂಗೆಯದು, ಇನ್ನೂ ಚಿಗುರದೆ ಕಪ್ಪಗೆ ನಿಂತದ್ದು ಮಾವು. ಬೆಳಿಗ್ಗೆ ಏಳರೊಳಗೆ ಹೋಗಿ. ಬಂಡೆ ಕಾಯ್ದ ಮೇಲೆ ನಿಲ್ಲುವುದು ಕಷ್ಟ.

ಊರಾಚೆ ಹೋಗುವುದಾದರೆ ನಂದಿ ಬೆಟ್ಟದ ಟ್ರಾಫಿಕ್ಕಿಗೆ ಸಿಕ್ಕಿಕೊಳ್ಳದೆ ದೇವನಹಳ್ಳಿ ಹತ್ತಿರದ ನಲ್ಲೂರಿನ ಹುಣಸೆ ತೋಪಿಗೆ ಹೋಗಿ. 54 ಎಕರೆಯಷ್ಟು ಜಾಗ, ಮುನ್ನೂರರ ಹತ್ತಿರ ಹುಣಸೆ ಮರ. 2007ರಲ್ಲಿ ಇದನ್ನು ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸಿದರು. ದೇಶದಲ್ಲೇ ಆ ಪಟ್ಟ ಸಿಕ್ಕ ಮೊದಲ ಜಾಗ. ಮರಗಳ ಬುಡ ನೋಡಬೇಕು ನೀವು. ಕೆಲವು ಒಳಗೆಲ್ಲ ಟೊಳ್ಳಾಗಿ, ಒಬ್ಬರು ಹೊಕ್ಕು ನಿಲ್ಲುವಷ್ಟು ದೊಡ್ಡ ಪೊಟರೆಯಾಗಿವೆ. ಕೆಲವು ಮುರಿದು ನೆಲಕ್ಕೆ ಬಿದ್ದು, ಬಿದ್ದಲ್ಲಿಂದಲೇ ಮತ್ತೆ ಮೇಲಕ್ಕೆ ಎದ್ದಿವೆ. ಇಷ್ಟು ಮುದಿ ಮರದ ತುದಿಯಲ್ಲಿ ಎಳೆ ಚಿಗುರು! ಹುಣಸೆ ಚಿಗುರು ಮೊದಲು ತಿಳಿ ಕೆಂಪು, ಆಮೇಲೆ ಹಸಿರು. ಬಾಯಿಗೆ ಹಾಕಿಕೊಂಡರೆ ಹುಳಿಗಿಂತ ಮೊದಲು ಒಂದು ಒಗರು ಬರುತ್ತದೆ. ತೋಪಿನ ಒಳಗೆ ಕೀಳಬೇಡಿ, ಅದು ಕಾಪಾಡಿದ ಜಾಗ. ಈ ಸಮಯದಲ್ಲಿ ಕೋಲಾರದ ಕಡೆಯ ಸಂತೆಗಳಲ್ಲಿ ಚಿಗುರು ಸಿಗುತ್ತದೆ. ತೊಗರಿಬೇಳೆ ಬೇಯಿಸಿ, ಚಿಗುರು ಹಾಕಿ ಕುದಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಮುದ್ದೆಗೆ ಬೇರೆ ಸಾರು ಬೇಡ.

ಮಾಗಡಿ, ರಾಮನಗರದ ಕಡೆ ಗುಡ್ಡಗಳ ಮಗ್ಗುಲಲ್ಲಿ ಅಲ್ಲೊಂದು ಇಲ್ಲೊಂದು ಮುತ್ತುಗ ಉರಿಯುತ್ತಿರುತ್ತದೆ. ಅದನ್ನು ಬಸ್ಸಿನ ಕಿಟಕಿಯಿಂದ ನೋಡುವುದೇ ಚೆಂದ.

ಸಂಜೆಗೆ ಚಾಮರಾಜಪೇಟೆ. ರಾಮನವಮಿಯ ಹೊತ್ತಿಗೆ ಕೋಟೆ ಹೈಸ್ಕೂಲಿನ ಮೈದಾನದಲ್ಲಿ ಶ್ರೀರಾಮ ಸೇವಾ ಮಂಡಳಿಯ ಸಂಗೀತೋತ್ಸವ ಶುರುವಾಗುತ್ತದೆ. 1939ರಿಂದ ನಡೆದುಬಂದದ್ದು. ದೊಡ್ಡ ದೊಡ್ಡ ವಿದ್ವಾಂಸರು ಇಲ್ಲಿ ಹಾಡಿದ್ದಾರೆ. ಬಿಸಿಲು ಇಳಿದು, ಚಪ್ಪರದ ಕೆಳಗೆ ಗಾಳಿ ಆಡುವ ಹೊತ್ತಿಗೆ ತಂಬೂರಿ ಶ್ರುತಿ ಕೇಳಿದರೆ ಇಡೀ ದಿನದ ಸೆಕೆ ಇಳಿದುಹೋಗುತ್ತದೆ. ವಿದ್ವಾಂಸರು ಯಾರಾದರೂ ವಸಂತ ರಾಗ ಎತ್ತಿಕೊಂಡರಂತೂ ಆ ದಿನ ನನ್ನದು.

ರಾಮನವಮಿ ಅಂದ ಮೇಲೆ ಪಾನಕ, ಕೋಸಂಬರಿ, ನೀರುಮಜ್ಜಿಗೆ. ಊರಿನ ಬೀದಿ ಬೀದಿಯಲ್ಲಿ ಪೆಂಡಾಲು ಹಾಕಿ ಹಾದುಹೋಗುವ ಎಲ್ಲರನ್ನೂ ಕರೆದು ಕೊಡುತ್ತಾರೆ. ಆಟೋದವರು, ಪೊಲೀಸರು, ಶಾಲೆ ಮಕ್ಕಳು ಎಲ್ಲ ಒಂದೇ ಸಾಲು. ಕೋಸಂಬರಿ ಮನೆಯಲ್ಲೂ ಮಾಡಿ. ಹೆಸರುಬೇಳೆ ಒಂದು ಗಂಟೆ ನೆನೆದರೆ ಸಾಕು, ಜಾಸ್ತಿ ನೆನೆದರೆ ಹಲ್ಲಿಗೆ ಸಿಗುವುದಿಲ್ಲ. ನೀರು ಪೂರ್ತಿ ಬಸಿದು, ಎಳೆ ಸೌತೆಕಾಯಿ, ತೆಂಗಿನ ತುರಿ, ಹುಳಿ ಮಾವಿನಕಾಯಿ ತುರಿ ಬೆರೆಸಿ. ಸಾಸಿವೆ, ಇಂಗು, ಹಸಿಮೆಣಸಿನ ಒಗ್ಗರಣೆ. ಉಪ್ಪು ಮಾತ್ರ ಬಡಿಸುವ ಮುಂಚೆ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ರುಚಿ ಕೆಡುತ್ತದೆ.

ಸಣ್ಣ ಖುಷಿಗಳು ಇನ್ನೂ ಇವೆ. ಉದುರುವ ಬೇವಿನ ಹೂವಿಗೆ ತಾರಸಿಯಲ್ಲಿ ಬಿಳಿ ಪಂಚೆ ಹಾಸಿ, ಒಣಗಿಸಿ ಡಬ್ಬಿ ತುಂಬಿಸಿಡುವುದು. ಮಳೆಗಾಲದಲ್ಲಿ ಅದನ್ನು ತುಪ್ಪದಲ್ಲಿ ಹುರಿದು ಸಾರಿಗೆ ಹಾಕಿದರೆ ಈ ಬಿಸಿಲು ನೆನಪಾಗುತ್ತದೆ. ರಸ್ತೆ ಬದಿಯಲ್ಲಿ ತಾಟಿನುಂಗು ಸುಲಿಸಿಕೊಂಡು ಅಲ್ಲೇ ನಿಂತು ತಿನ್ನುವುದು. ಸಂಜೆ ಹೂ ಮಾರುವವರ ಬುಟ್ಟಿಯಲ್ಲಿ ಮಲ್ಲಿಗೆಯ ರಾಶಿ, ಒಂದು ಮೊಳ ತಂದು ಓದುವ ಮೇಜಿನ ಮೇಲಿಟ್ಟರೆ ರಾತ್ರಿಯಿಡೀ ಘಮ. ಚೈತ್ರ ಹುಣ್ಣಿಮೆಯ ರಾತ್ರಿ ಅದೇ ಮಲ್ಲಿಗೆ ಧರ್ಮರಾಯನ ಗುಡಿಯಿಂದ ಕರಗವಾಗಿ ಹೊರಡುತ್ತದೆ, ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬರುತ್ತದೆ. ಆ ರಾತ್ರಿ ನಿದ್ದೆ ಬಿಟ್ಟು ಪೇಟೆ ಬೀದಿಯಲ್ಲಿ ನಿಲ್ಲುವುದಕ್ಕೆ ಸಮನಾದ ಸುತ್ತಾಟ ಈ ಊರಿನಲ್ಲಿ ಇನ್ನೊಂದಿಲ್ಲ.

ಅಷ್ಟು ಹೊತ್ತಿಗೆ ಹೊಂಗೆ ಹೂ ಬಿಡಲು ಶುರುವಾಗಿರುತ್ತದೆ. ಹಿಂದೆಯೇ ಅಶ್ವಿನಿ, ಭರಣಿ ಮಳೆ. ಮೊದಲ ಮಳೆಯ ಮಾರನೇ ದಿನ ರಸ್ತೆಗೆಲ್ಲ ಅರಳು ಚೆಲ್ಲಿದ ಹಾಗೆ ಹೊಂಗೆ ಹೂ, ಅದರ ಮೇಲೆ ಜೇನುಗಳ ಗುಂಯ್ ಸದ್ದು. ಅಲ್ಲಿಗೆ ಗುಲ್‌ಮೊಹರ್ ಕೆಂಪಾಗುತ್ತದೆ, ಮಕ್ಕಳಿಗೆ ರಜೆ ಬರುತ್ತದೆ, ನೆಂಟರು ಬರುತ್ತಾರೆ. ಅದು ಬೇಸಿಗೆಯ ಕಥೆ.

ಈ ಸಲ ಒಂದು ಹೊಸ ಯೋಜನೆ ಇದೆ. ಯುಗಾದಿ ಮುಗಿಸಿಕೊಂಡು ಬನವಾಸಿಗೆ ಹೋಗುವುದು. ಶಿರಸಿಗೆ ರಾತ್ರಿ ಬಸ್ಸಿಗೆ ಸೀಟು ಕಾದಿರಿಸಿದ್ದೇನೆ. ಅಲ್ಲಿಂದ ಬನವಾಸಿ ಬೆಳಗಿನ ಬಸ್ಸಿನಲ್ಲಿ ಹತ್ತಿರವೇ. ವರದಾ ನದಿ, ಮಧುಕೇಶ್ವರನ ಗುಡಿ ನೋಡಬೇಕು. ಪಂಪನ ಪದ್ಯಗಳನ್ನು ಅದೇ ಮಣ್ಣಿನಲ್ಲಿ, ಅದೇ ತಿಂಗಳಲ್ಲಿ ಓದಬೇಕು. ಅಕ್ಕನ ಮಗಳು ತಾನೂ ಬರುತ್ತೇನೆ ಅಂದಿದ್ದಾಳೆ. ಅವಳಿಗೆ ಹಳಗನ್ನಡ ಓದಿ ಅರ್ಥ ಹೇಳುವ ಕೆಲಸ ನನ್ನದು. ದಾರಿಯಲ್ಲಿ ಕಾಣುವ ಹಕ್ಕಿಗಳ ಹೆಸರು ಹೇಳುವುದು ಅವಳ ಜವಾಬ್ದಾರಿ.